ಸಾವಿನ ಮನೆಗೆ ಹೇಳಬಾರದ ಮಾತು

ತಿಪಟೂರಿನ ಆ ದೊಡ್ಡ ಮಳಿಗೆಯಲ್ಲಿ ಬಿಲ್ಲಿಂಗ್ ಕೌಂಟರಿಗೆ ಸೇರಿದಾಗ ನನಗೆ ಮೊದಲು ಕಲಿಸಿದ್ದು ಒಂದು ಮಾತನ್ನು. ಗಿರಾಕಿ ಚೀಲ ಎತ್ತಿಕೊಂಡಾಗ ಮುಖ ನೋಡಿ, ನಕ್ಕು, ‘ಮತ್ತೆ ಬನ್ನಿ’ ಅನ್ನಬೇಕು. ಯಾರನ್ನೂ ಬಿಡುವಂತಿಲ್ಲ. ಗಿರಾಕಿಯ ವೇಷದಲ್ಲಿ ಕಂಪನಿಯವರೇ ಬಂದು ಪರೀಕ್ಷಿಸುತ್ತಾರೆ ಎಂದು ಹೆದರಿಸಿದ್ದರು. ಎಂ.ಎ. ಮುಗಿಸಿದ್ದ ನನಗೆ ಮೊದಮೊದಲು ನಾಚಿಕೆಯಾಗುತ್ತಿತ್ತು. ಆಮೇಲೆ ಆ ಮಾತು ಉಸಿರಿನ ಹಾಗೆ ತಾನಾಗಿಯೇ ಹೊರಡತೊಡಗಿತು. ಮನೆಯಲ್ಲಿ ತಮ್ಮ ನೀರು ಕೊಟ್ಟಾಗಲೂ ಹಾಗೆ ಅಂದಿದ್ದೆನಂತೆ. ಅವನು ಹೇಳುತ್ತಾನೆ, ನನಗೆ ನೆನಪಿಲ್ಲ. ದಿನಚರಿ ಬರೆಯುವ ಅಭ್ಯಾಸವಿದ್ದರೂ ಇಂಥವು ಅದರಲ್ಲಿ ಸೇರುವುದಿಲ್ಲ.

ಪಕ್ಕದ ಕೌಂಟರಿನಲ್ಲಿ ಶೆಟ್ಟಿಕೆರೆ ಕಡೆಯ ಅಕ್ಕ ಒಬ್ಬರಿದ್ದರು, ನನಗಿಂತ ಬಹಳ ದೊಡ್ಡವರು. ಪ್ಲಾಸ್ಟಿಕ್ ಸುತ್ತಿದ ತೆಂಗಿನಕಾಯಿ ಬಿಲ್ಲಿಗೆ ಬಂದರೆ ಅವರಿಗೆ ನಗು ತಡೆಯುತ್ತಿರಲಿಲ್ಲ.

“ತಿಪ್ಟೂರಾಗೆ ಕಾಯಿಗೆ ಅಂಗಿ ತೊಡಿಸಿ ಮಾರೋ ಕಾಲ ಬಂತಲ್ಲೇ! ನಮ್ಮತ್ತೆ ನೋಡಿದ್ರೆ ನನ್ನ ಮನೆ ಒಳಕ್ಕೇ ಸೇರಿಸಲ್ಲ ಕಣೇ.”

ಒಂದು ಮಧ್ಯಾಹ್ನ ಅಕ್ಕನ ಕೌಂಟರಿಗೆ ವಯಸ್ಸಾದ ರೈತರೊಬ್ಬರು ಬಂದರು. ಗಡ್ಡ ಬೆಳೆದಿತ್ತು. ಬುಟ್ಟಿಯಲ್ಲಿ ಕರ್ಪೂರ, ತುಪ್ಪ, ಖಾರಾಬೂಂದಿ, ಕ್ರೀಮ್ ಬಿಸ್ಕತ್ತು. “ನಾಳೆ ಹಾಲು-ತುಪ್ಪ ಕಣವ್ವ. ಅವಳಿಗೆ ಈ ಬಿಸ್ಕತ್ತು ಅಂದ್ರೆ ಪ್ರಾಣ” ಅಂದರು. ಹೆಂಡತಿ ತೀರಿಕೊಂಡಿದ್ದರು. ಮೂರನೆಯ ದಿನ ಮಣ್ಣು ಮಾಡಿದ ಜಾಗಕ್ಕೆ ಹಾಲು-ತುಪ್ಪ ಬಿಟ್ಟು, ಹೋದವರಿಗೆ ಇಷ್ಟವಾದ ತಿಂಡಿಯನ್ನು ಎಡೆ ಇಡುತ್ತಾರೆ.

ನಮ್ಮ ಕಡೆ ಸಾವಿನ ಮನೆಯಿಂದ ಹೊರಡುವವರು ‘ಬತ್ತೀನಿ’ ಅನ್ನುವುದಿಲ್ಲ, ಮನೆಯವರೂ ‘ಬನ್ನಿ’ ಅನ್ನುವುದಿಲ್ಲ. ಹಾಗಂದರೆ ಇನ್ನೊಂದು ಸಾವನ್ನು ಕರೆದ ಹಾಗೆ. ಸುಮ್ಮನೆ ಎದ್ದು ಹೋಗಬೇಕು.

ಕೆಲವು ವಾರಗಳಾದ ಮೇಲೆ ಅದೇ ರೈತರು ಮತ್ತೆ ಬಂದರು. ತಲೆ ಬೋಳಿಸಿತ್ತು. ಮತ್ತೆ ಕರ್ಪೂರ, ತುಪ್ಪ. ಈ ಸಲ ಬಿಸ್ಕತ್ತಿಲ್ಲ, ಕೋಡುಬಳೆ. “ನಮ್ಮಣ್ಣನೂ ಹೋದ” ಅಂದರು. ಅಕ್ಕ ತುಟಿ ಕಚ್ಚಿ ಬಿಲ್ಲು ಕೊಟ್ಟರು. ರೈತರು ಬಾಗಿಲು ದಾಟಿದ ಕೂಡಲೇ ಅಕ್ಕ ನನ್ನತ್ತ ತಿರುಗಿದರು.

“ಅವತ್ತು ಆವಯ್ಯಂಗೆ ‘ಮತ್ತೆ ಬನ್ನಿ’ ಅಂದ್ನೇನೇ ನಾನು? ಪಕ್ಕದಾಗೇ ಇದ್ದೆಯಲ್ಲ, ನಿಜ ಹೇಳು.”

ನಾನು ನೆನಪಿಸಿಕೊಳ್ಳಲು ನೋಡಿದೆ. ಒಂದು ಚಿತ್ರದಲ್ಲಿ ಅಕ್ಕ ತಲೆ ತಗ್ಗಿಸಿ ಬಾಯಿ ಮುಚ್ಚಿದ್ದಾರೆ. ಇನ್ನೊಂದರಲ್ಲಿ ಕಲಿಸಿದ ನಗು ನಕ್ಕು ಅಂದೇಬಿಡುತ್ತಾರೆ. ಎರಡೂ ಅಷ್ಟೇ ಸ್ಪಷ್ಟ. ಆ ಹೊತ್ತಿನಲ್ಲಿ ನನ್ನ ಬಾಯಲ್ಲೂ ಅದೇ ಮಾತು ಇದ್ದಿರಬೇಕು, ಬೇರೆ ಯಾರಿಗೋ.

“ಇಲ್ಲಕ್ಕ, ಅನ್ನಲಿಲ್ಲ” ಅಂದೆ.

“ಅಷ್ಟೊಂದು ಓದಿದೀಯ, ಒಂದು ಸುಳ್ಳು ಹೇಳಕ್ಕೆ ಬರಲ್ವಲ್ಲೇ ನಿಂಗೆ.”

ಅಂದಿನಿಂದ ಅಕ್ಕ ಊಟದ ಡಬ್ಬಿ ತೆರೆದು ಹಾಗೇ ಮುಚ್ಚುತ್ತಿದ್ದರು. ಯಾರು ಏನು ಕೊಂಡರೂ ಮಾತಾಡದೆ ಬಿಲ್ಲು ಚಾಚುತ್ತಿದ್ದರು. ಸೂಪರ್‌ವೈಸರ್ ಬಂದು “ಏನ್ರೀ, ಮೌನವ್ರತಾನಾ? ಹಿಂಗಾದ್ರೆ ಮನೇಲೇ ಇರಿ” ಅಂತ ಗದರಿದ. ಸ್ಟೋರ್ ರೂಮಿನಲ್ಲಿ ನನ್ನ ಕೈ ಹಿಡಿದುಕೊಂಡು ಅಕ್ಕ ಅಂದರು: “ಆವಯ್ಯನ್ನೇ ಕೇಳ್ಬುಡ್ತೀನಿ. ಅಂದಿದ್ರೆ ಕಾಲಿಗೆ ಬೀಳ್ತೀನಿ. ಇಲ್ಲ ಅಂದ್ರೆ ಒಂದು ತುತ್ತು ಉಣ್ತೀನಿ ಕಣೇ.”

ಆ ರೈತರು ಮತ್ತೆ ಬಂದರು. ಹಬ್ಬದ ಹಿಂದಿನ ದಿನ, ಮಳಿಗೆ ತುಂಬಾ ಜನ. ಈ ಸಲ ಸೋಪು, ಟೀಪುಡಿ ಅಷ್ಟೇ. ಅಕ್ಕ ಸೋಪನ್ನು ಬಿಲ್ಲಿಗೆ ಹಾಕದೆ ಕೈಯಲ್ಲೇ ಹಿಡಿದು ಕೇಳಿದರು.

“ಅಣ್ಣ, ನಿಮ್ಮನೆಯವ್ರು ಹೋದಾಗ ಇಲ್ಲಿಂದ ಬಿಸ್ಕತ್ತು ತಗಂಡು ಹೋದ್ರಲ್ಲ. ಅವತ್ತು ನಾನು ನಿಮ್ಗೆ ಏನಾರ ಅಂದ್ನಾ?”

ಅವರು ಅಕ್ಕನ ಮುಖವನ್ನೇ ನೋಡಿದರು. ಆಮೇಲೆ ನನ್ನ ಮುಖವನ್ನೂ, ನಾನೇನೋ ಅರ್ಥ ಬಿಡಿಸಿ ಹೇಳಬಹುದು ಅನ್ನುವಂತೆ.

“ನಾನಾ? ಬಿಸ್ಕತ್ತು ನನ್ನ ಮಗಳು ತಂದ್ಲು ಕಣವ್ವ. ನಮ್ಮನೆಯವಳನ್ನ ಮಣ್ಣು ಮಾಡಿ ಬಂದ ಮೇಲೆ ಹಾಲು-ತುಪ್ಪ ಆಗೋ ಗಂಟ ನಾನು ಜಗುಲಿ ಬಿಟ್ಟು ಕದಲ್ಲಿಲ್ಲ.”

ದುಃಖ ಅವರಿಂದ ಆ ಮಧ್ಯಾಹ್ನವನ್ನು ಅಳಿಸಿತ್ತೋ, ನಮ್ಮ ಭಯವೇ ನಮ್ಮೊಳಗೆ ಅದನ್ನು ಕಟ್ಟಿತ್ತೋ. ಅವರು ಚೀಲ ಎತ್ತಿಕೊಂಡು ಒಂದು ಗಳಿಗೆ ನಿಂತರು. ನಾವಿಬ್ಬರೂ ‘ಮತ್ತೆ ಬನ್ನಿ’ ಅನ್ನಲಿಲ್ಲ. ಗಾಜಿನ ಬಾಗಿಲು ಅವರ ಹಿಂದೆ ತಾನಾಗಿ ಮುಚ್ಚಿಕೊಂಡಿತು.

“ಏನವ್ವ, ನಿಂತಲ್ಲೇ ನಿದ್ದೇನಾ?” ಅನ್ನುತ್ತಾ ಹಿಂದಿದ್ದ ಹೆಂಗಸು ಬುಟ್ಟಿ ಮುಂದಿಟ್ಟಳು.

ಅಕ್ಕ ಅವಳನ್ನು ನೋಡಲಿಲ್ಲ. “ಅವತ್ತು ಆವಯ್ಯನ್ನ ನೀನೂ ನೋಡಿದ್ದೆ, ಅಲ್ವಾ?” ಅಂತ ನನ್ನನ್ನು ಕೇಳಿದರು.

ನೋಡಿದ್ದೆ. ಗಡ್ಡ, ಕರ್ಪೂರ, ಎಲ್ಲ ಕಣ್ಣ ಮುಂದಿದೆ. ಆದರೂ ಈ ಸಲ ನನ್ನ ಬಾಯಿಂದ ಹೌದು ಅಂತ ಬರಲಿಲ್ಲ.