ಕಂಬವಿಲ್ಲದ ಕೋಣೆ

೧೯೫೮ರಲ್ಲಿ ಸಿಂಗಾಪುರ ಎಂಬ ಹಳ್ಳಿಯಲ್ಲಿ ಶಾಲೆ ಎಂದರೆ ಊರ ಚಾವಡಿ. ಮೂರು ಕಡೆ ಗೋಡೆ, ಒಂದು ಕಡೆ ಬಯಲು, ನಡುವೆ ಸೂರು ಹೊತ್ತ ನಾಲ್ಕು ಕಲ್ಲುಕಂಬ. ನಲವತ್ತೊಂದು ಮಕ್ಕಳು, ಒಬ್ಬರೇ ಮೇಷ್ಟ್ರು, ವೆಂಕಟರಾಮಯ್ಯ. ನ್ಯಾಯ ಪಂಚಾಯಿತಿ ಸೇರಿದ ದಿನ ಮಕ್ಕಳೆಲ್ಲ ಹುಣಸೆಮರದ ಕೆಳಗೆ. ಉಳಿದ ದಿನ ಶಾಲೆಗೆ ಮೊದಲು ಸೇರಿದವರು ಮುಂದೆ, ಕೊನೆಗೆ ಸೇರಿದವರು ಹಿಂದೆ. ಹಾಗಾಗಿ ಮೂರನೇ ಕಂಬದ ಹಿಂದಿನ ಜಾಗ ಮರಿಯಮ್ಮನ ಪಾಲಿಗೆ ಬಂದಿತ್ತು. ಅವಳು ಕಲ್ಲೊಡೆಯುವ ಮುನಿಶಾಮಪ್ಪನ ಮಗಳು, ಒಂಬತ್ತು ವರ್ಷದವಳು.

ಮರಿಯಮ್ಮನ ಸ್ಲೇಟು ನೋಡಿ ಮೇಷ್ಟ್ರಿಗೆ ತಲೆ ಕೆಡುತ್ತಿತ್ತು. ಎಂಟು ಲೆಕ್ಕ ಕೊಟ್ಟರೆ ನಾಲ್ಕು ಮಾಡುತ್ತಾಳೆ, ನಾಲ್ಕೂ ಸರಿ. ಉಳಿದ ನಾಲ್ಕನ್ನು ಮುಟ್ಟುವುದೇ ಇಲ್ಲ. ಏಕೆಂದು ಕೇಳಿದರೆ ತಲೆ ತಗ್ಗಿಸುತ್ತಾಳೆ. ಸೋಮಾರಿತನ ಎಂದುಕೊಂಡು ಅವರು ಅಪ್ಪನನ್ನು ಕರೆಸಿದರು.

ಮುನಿಶಾಮಪ್ಪ ಮೈತುಂಬ ಕಲ್ಲಿನ ಪುಡಿ ಹೊತ್ತುಕೊಂಡೇ ಬಂದ. ಚಾವಡಿಯೊಳಗೆ ಎಲ್ಲಿ ಕೂರಬೇಕೋ ತಿಳಿಯದೆ ಮಗಳು ಎದ್ದ ಜಾಗದಲ್ಲೇ ಕುಕ್ಕರಗಾಲಲ್ಲಿ ಕೂತ. ಮೇಷ್ಟ್ರು ದೂರನ್ನೆಲ್ಲ ಹೇಳಿ ಮುಗಿಸಿದರು. ಅವನು ಕತ್ತನ್ನು ಆಚೆ ಈಚೆ ಮಾಡಿ ನೋಡಿ ಹೇಳಿದ:

“ಸ್ವಾಮಿ, ಇಲ್ಲಿಂದ ಬೋರ್ಡು ಅರ್ಧನೇ ಕಾಣೋದು.”

ವೆಂಕಟರಾಮಯ್ಯನವರು ಬಂದು ಪಂಚೆ ಮಡಿಸಿ ಅದೇ ಜಾಗದಲ್ಲಿ ಕೂತರು. ಬಲಗಡೆಯ ನಾಲ್ಕು ಲೆಕ್ಕವನ್ನು ಕಂಬ ಪೂರ್ತಿ ನುಂಗಿತ್ತು. ಏಳು ವರ್ಷದಿಂದ ಅವರು ಬೋರ್ಡಿನ ಪಕ್ಕ ನಿಂತಿದ್ದರೇ ಹೊರತು ಕಂಬದ ಹಿಂದೆ ಒಮ್ಮೆಯೂ ಕೂತಿರಲಿಲ್ಲ. ಕೂಡಲೇ ಮರಿಯಮ್ಮನನ್ನು ಮುಂದಕ್ಕೆ ಕರೆದರು. ಮುನಿಶಾಮಪ್ಪನಿಗೆ ಅದರಿಂದ ಸಮಾಧಾನವಾಗಲಿಲ್ಲ.

“ಇವಳು ಎದ್ರೆ ಅಲ್ಲಿ ಇನ್ನೊಂದು ಮಗ ಕೂರ್ಲೇಬೇಕಲ್ಲ ಸ್ವಾಮಿ?” ಎಂದು ಕೇಳಿ ಎದ್ದು ಹೋದ.

ಆ ವರ್ಷವೇ ಊರಿಗೆ ಸರ್ಕಾರದಿಂದ ಒಂದು ಮಾತು ಬಂದಿತ್ತು: ಜೂನ್ ಒಳಗೆ ಊರವರೇ ಒಂದು ಕೋಣೆ ಕಟ್ಟಿಕೊಟ್ಟರೆ ಎರಡನೇ ಮೇಷ್ಟ್ರು ಬರುತ್ತಾರೆ. ಎಲ್ಲರೂ ಸೇರಿ ಗೋಡೆ ಎಬ್ಬಿಸಿಯೂ ಆಗಿತ್ತು. ಇಪ್ಪತ್ತನಾಲ್ಕು ಅಡಿ ಉದ್ದ, ಹದಿನಾಲ್ಕು ಅಡಿ ಅಗಲ. ಸೂರಿಗೆ ಕಲ್ಲು ಚಪ್ಪಡಿ ಹಾಸುವುದು. ಚಪ್ಪಡಿ ಎಂದರೆ ಆ ಕಾಲಕ್ಕೆ ಎಂಟು ಅಡಿ. ಅಂದಮೇಲೆ ನಡುವೆ ಒಂದು ಸಾಲು ಕಂಬ ಬರಲೇಬೇಕು. ಅದರಲ್ಲಿ ಯಾರಿಗೂ ಎರಡನೇ ಯೋಚನೆ ಇರಲಿಲ್ಲ.

ಮುನಿಶಾಮಪ್ಪ ಪಂಚಾಯಿತಿಯಲ್ಲಿ ಎದ್ದು ನಿಂತು, ಕಂಬ ಬೇಡ, ಗೋಡೆಯಿಂದ ಗೋಡೆಗೆ ಮುಟ್ಟುವಷ್ಟು ಉದ್ದದ ಚಪ್ಪಡಿಗಳನ್ನೇ ಹಾಕುತ್ತೇನೆ ಎಂದ. ಜನ ನಕ್ಕರು. ಊರಿನ ದೊಡ್ಡ ಹಿಡುವಳಿದಾರ ಆಂಜಿನಪ್ಪ ವೀಳ್ಯದೆಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು.

“ಲೋ ಮುನಿಶಾಮ, ನಾನೂ ಕಂಬದ್ ಹಿಂದೇನೇ ಕೂತು ಓದಿದ್ದು ಕಣ್ಲಾ. ನನಗೇನಾಗೈತೆ?”

ಬಯಲಲ್ಲಿ ಹೆಂಗಸರ ಜೊತೆ ಕೂತಿದ್ದ ಅಕ್ಬರಿ, ಗಾಡಿ ಹೊಡೆಯುವ ಅತಾವುಲ್ಲಾನ ಹೆಂಡತಿ, ಅಲ್ಲಿಂದಲೇ ಅಂದಳು: “ಅದಕ್ಕೇ ಅಲ್ವಾ ಅಣ್ಣಾ, ಕಾಗದ ಬಂದ್ರೆ ನನ್ ಮಗನ ಕೈಲಿ ಓದಿಸ್ಕೊಳ್ಳೋದು ನೀವು?”

ನಗು ದಿಕ್ಕು ಬದಲಿಸಿತು. ಆಂಜಿನಪ್ಪ ಎಲೆಯನ್ನು ಬಾಯಿಗೆ ತುರುಕಿಕೊಂಡು, ಆಗಲಿ ಎಂಬಂತೆ ಕೈಯಾಡಿಸಿದರು.

ಊರಾಚೆಯ ಹಾಸುಬಂಡೆಯಲ್ಲಿ ಒಡೆಯದೆ ಉಳಿದಿದ್ದದ್ದು ಒಂದೇ ಒಂದು ದೊಡ್ಡ ಪದರ. ಸಣ್ಣ ಸಣ್ಣ ಕಲ್ಲಾಗಿ ಬಿಡಿಸಿಕೊಂಡರೆ ಮುನಿಶಾಮಪ್ಪನಿಗೆ ಅದರಲ್ಲಿ ಇನ್ನೂ ಮೂರು ವರ್ಷದ ಕೆಲಸವಿತ್ತು. ಅವನ ಜನ ಬಂಡೆ ಇರುವಷ್ಟು ದಿನ ಒಂದು ಊರಲ್ಲಿ ಗುಡಿಸಲು ಹಾಕುತ್ತಾರೆ, ಬಂಡೆ ಮುಗಿದ ವಾರವೇ ಗುಡಿಸಲು ಕಿತ್ತು ಇನ್ನೊಂದು ಬಂಡೆಗೆ ಹೋಗುತ್ತಾರೆ. ಪದರವನ್ನು ಒಟ್ಟಿಗೆ ಎತ್ತಿ ಶಾಲೆಗೆ ಕೊಟ್ಟರೆ ಅವನು ಊರು ಬಿಡಬೇಕು. ಹೆಂಡತಿ ಮುನಿಕೃಷ್ಣಮ್ಮ ಅದನ್ನೇ ಹೇಳಿ ಎರಡು ದಿನ ಜಗಳವಾಡಿದಳು. ಮೂರನೇ ದಿನ ತಾನೂ ಬೆಂಕಿಗೆ ಬೇಕಾದ ಪುಳ್ಳೆಕಡ್ಡಿ ಆರಿಸಲು ಹೋದಳು.

ಆ ಕಾಲದಲ್ಲಿ ಬಂಡೆಯನ್ನು ಬೆಂಕಿಯಿಂದ ಎಬ್ಬಿಸುತ್ತಿದ್ದರು. ಕಲ್ಲಿನ ಮೇಲೆ ಗೇಣಗಲದ ಬೆಂಕಿಯ ಸಾಲು ಹಾಕಬೇಕು. ಕಾದ ಪದರ ಹಿಗ್ಗಿ ಕೆಳಗಿನ ಬಂಡೆಯಿಂದ ಬಿಡುತ್ತದೆ. ಸುತ್ತಿಗೆಯಿಂದ ತಟ್ಟಿದರೆ ಬಿಟ್ಟ ಕಡೆ ಟೊಳ್ಳು ಸದ್ದು, ಬಿಡದ ಕಡೆ ಗಟ್ಟಿ ಸದ್ದು. ಟೊಳ್ಳು ಕೇಳಿದ ಮೇಲೆ ಬೆಂಕಿಯನ್ನು ಇನ್ನೊಂದು ಗೇಣು ಮುಂದಕ್ಕೆ ಸರಿಸಬೇಕು. ಆತುರಪಟ್ಟರೆ ಪದರ ಸೀಳಿ ಹೋಗುತ್ತದೆ. ಅಂಥ ಪದರ ಇದ್ದದ್ದು ಒಂದೇ, ಸೀಳಿದರೆ ಕೋಣೆಗೆ ಕಂಬವೇ ಗತಿ.

ಏಪ್ರಿಲ್ಲಿನ ಒಂದು ಬೆಳಿಗ್ಗೆ ಇಡೀ ಊರು ಬಂಡೆಯ ಹತ್ತಿರ ಸೇರಿತು. ಆಂಜಿನಪ್ಪ ದೊಡ್ಡತನ ತೋರಿಸಿ ಒಂದು ಗಾಡಿ ಹುಣಸೆ ಸೌದೆ ಕಳಿಸಿದ್ದರು. ಮುನಿಶಾಮಪ್ಪ ಅದನ್ನು ಇಳಿಸಲೂ ಬಿಡಲಿಲ್ಲ. ಹುಣಸೆಯ ಬೆಂಕಿಗೆ ಕೋಪ ಜಾಸ್ತಿ, ಕಲ್ಲು ಹೆದರುತ್ತದೆ ಎಂದ. ಗಾಡಿ ಹಾಗೇ ಪಕ್ಕದಲ್ಲಿ ನಿಂತಿತು; ಕಳಿಸಿದ ಸೌದೆ ಬೇಡವೆನ್ನಿಸಿಕೊಂಡದ್ದು ಆಂಜಿನಪ್ಪನವರ ಮನೆತನದಲ್ಲೇ ಮೊದಲು.

ಬೆಂಕಿ ಹಚ್ಚುವ ಮೊದಲು ಅವನು ಊರವರನ್ನು ಒಂದೇ ಒಂದು ಮಾತು ಕೇಳಿಕೊಂಡ. “ನಾನು ಕಲ್ಲು ಮಾತಾಡೋದು ಕೇಳ್ಬೇಕು. ನೀವು ಯಾರೂ ಮಾತಾಡ್ಬೇಡಿ.”

ಅಲ್ಲಿ ಇನ್ನೂರು ಮುನ್ನೂರು ಜನರಿದ್ದರು. ಅತಾವುಲ್ಲಾ ತನ್ನ ಎತ್ತುಗಳ ಕೊರಳ ಗಂಟೆ ಬಿಚ್ಚಿ ಜೇಬಿಗೆ ಹಾಕಿಕೊಂಡ. ಹೆಂಗಸರು ಬಳೆಗಳನ್ನು ಮೊಣಕೈವರೆಗೂ ಏರಿಸಿಕೊಂಡರು. ಅಳುವ ಕೂಸುಗಳನ್ನು ಮನೆಗೆ ಕಳಿಸಿದರು. ವೆಂಕಟರಾಮಯ್ಯನವರು ನಲವತ್ತೊಂದು ಮಕ್ಕಳನ್ನು ಪಕ್ಕದ ದಿಣ್ಣೆಯ ಮೇಲೆ ಸಾಲಾಗಿ ಕೂರಿಸಿದರು. ಚಾವಡಿಯಲ್ಲಿ ಎಂದೂ ಸುಮ್ಮನಿರದ ಮಕ್ಕಳು ಅಂದು ಬಾಯಿ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು.

ಹದಿನೈದು ಅಡಿ ಉದ್ದದ ಬೆಂಕಿಯ ಗೆರೆ ಬಂಡೆಯ ಮೇಲೆ ಗೇಣು ಗೇಣಾಗಿ ನಡೆಯತೊಡಗಿತು. ಗಂಡ ತಟ್ಟುತ್ತಾನೆ, ಹೆಂಡತಿ ಉದ್ದ ಕೋಲಿನಿಂದ ಕೆಂಡ ಸರಿಸುತ್ತಾಳೆ. ಟಕ್, ಟಕ್. ಅಷ್ಟೇ ಸದ್ದು. ಹೊತ್ತು ಏರಿದಾಗ ಒಳಗಿನಿಂದ ಏನೋ ಒಂದು ಸದ್ದು ಬಂತು. ಅದು ಕಿವಿಗಿಂತ ಮೊದಲು ಅಂಗಾಲಿಗೆ ತಿಳಿಯಿತು. ಭೂಮಿ ಉಸಿರು ಬಿಟ್ಟಂತೆ ಒಂದು ದೀರ್ಘ ಗುಮುಗುಮು. ಮಕ್ಕಳ ಕಣ್ಣು ದೊಡ್ಡವಾದವು. ಒಬ್ಬ ಮುದುಕ ನಿಂತಲ್ಲೇ ಕೈಮುಗಿದ.

ಮಧ್ಯಾಹ್ನ ಕಳೆಯುವ ಹೊತ್ತಿಗೆ ಒಂದು ಮೂಲೆ ಬಿಟ್ಟು ಎಲ್ಲವೂ ಟೊಳ್ಳು. ಆ ಮೂಲೆಯಲ್ಲಿ ಮಾತ್ರ ಸುತ್ತಿಗೆ ಗಟ್ಟಿಯಾಗಿ ನುಡಿಯಿತು. ಮುನಿಶಾಮಪ್ಪ ತಿರುಗಿ ನೋಡಿದ. ಪುಳ್ಳೆ ಮುಗಿದಿತ್ತು. ಬೆಂಕಿ ಆರಿದರೆ ಪದರ ತಣ್ಣಗಾಗಿ, ಅಂಟಿದ ಮೂಲೆಯಿಂದ ಅಡ್ಡಕ್ಕೆ ಸೀಳುತ್ತದೆ. ಅವನು ಜನರತ್ತ ಬರಿಗೈ ಚಾಚಿ ತೋರಿಸಿದ. ಬಾಯಿ ಬಿಡುವಂತಿಲ್ಲ, ಜನ ಕೈಸನ್ನೆಯಲ್ಲೇ ಗಾಬರಿಯಾದರು. ಒಬ್ಬ ಗಾಡಿಯ ಹುಣಸೆ ಸೌದೆ ತೋರಿಸಿದ. ಮುನಿಶಾಮಪ್ಪ ಬೇಡವೆಂದು ತಲೆಯಾಡಿಸಿದ. ಇನ್ನೊಬ್ಬ ತನ್ನ ಟವೆಲ್ಲು ತೋರಿಸಿದ.

ಆಗ ಆಂಜಿನಪ್ಪ ಎದ್ದರು. ಬಂಡೆಯ ಪಕ್ಕದಲ್ಲೇ ಅವರ ರಾಗಿ ಹೊಲ, ಅದರ ಸುತ್ತ ಆಳೆತ್ತರದ ಒಣ ಮುಳ್ಳಿನ ಬೇಲಿ. ಅವರು ಹೋಗಿ ಬೇಲಿಗೆ ಕೈಯಿಟ್ಟು, ಇದು ಆಗುತ್ತದಾ ಎಂಬಂತೆ ಮುನಿಶಾಮಪ್ಪನ ಮುಖ ನೋಡಿದರು. ಅವನು ಹೂಂ ಎಂಬಂತೆ ತಲೆದೂಗಿದ. ಆಂಜಿನಪ್ಪ ತಾವೇ ಮೊದಲ ಕಂತೆ ಕಿತ್ತರು. ಮುಂಗೈಯಲ್ಲಿ ರಕ್ತ ಬಂದರೂ ಸದ್ದು ಮಾಡಲಿಲ್ಲ. ಜನ ಸಾಲುಗಟ್ಟಿ ನಿಂತು ಕೈಯಿಂದ ಕೈಗೆ ಮುಳ್ಳು ದಾಟಿಸಿದರು. ಸಂಜೆ ಬಿಸಿಲಿಗೆ ಹೊಲ ಬತ್ತಲಾಗಿತ್ತು.

ಕೊನೆಯ ಏಟು ಹಾಕಿ ಮುನಿಶಾಮಪ್ಪ ಬಹಳ ಹೊತ್ತು ಕೇಳಿದ. ಆಮೇಲೆ ಸುತ್ತಿಗೆ ಕೆಳಗಿಟ್ಟು, “ಬಿಡ್ತು” ಎಂದ.

ಜನ ಒಬ್ಬೊಬ್ಬರಾಗಿ ಹತ್ತಿರ ಬಂದು, ಇಪ್ಪತ್ತನಾಲ್ಕು ಅಡಿಯ ಆ ಒಂದೇ ಕಲ್ಲು ಬಂಡೆಯ ಮೇಲೆ ಹಾಸಿದ ಜಮಖಾನದ ಹಾಗೆ ಬಿಡಿಯಾಗಿ ಮಲಗಿದ್ದನ್ನು ನೋಡಿದರು. ಅಂಚಿನ ಸಂದಿಗೆ ಕೈಬೆರಳು ತೂರಿಸಿದ ಮಕ್ಕಳು ಬಿಸಿಗೆ ಹಿಂದಕ್ಕೆಳೆದುಕೊಂಡರು. ಅಷ್ಟು ದೊಡ್ಡದನ್ನು ಕಡ್ಡಿಬೆಂಕಿಯೊಂದು ಎಬ್ಬಿಸಿತೆಂದು ಕಣ್ಣಾರೆ ಕಂಡವರಿಗೂ ನಂಬಿಕೆ ಬರಲಿಲ್ಲ.

ಉಳಿ, ಬೆಣೆ ಹಾಕಿ ಅದನ್ನು ಹದಿನೈದು ಅಡಿ ಉದ್ದ, ಎರಡು ಅಡಿ ಅಗಲದ ಹನ್ನೆರಡು ಚಪ್ಪಡಿ ಮಾಡಲು ಹದಿನೈದು ದಿನ. ಅತಾವುಲ್ಲಾನ ಗಾಡಿಗೆ ಎಂಟು ಎತ್ತು ಕಟ್ಟಿ ಸಾಗಿಸಿ, ಮಣ್ಣಿನ ಇಳಿಜಾರು ಹಾಕಿ ಗೋಡೆಯ ಮೇಲೇರಿಸಲು ಇನ್ನೊಂದು ತಿಂಗಳು. ಜೂನಿನಲ್ಲಿ ಶಾಲೆ ತೆರೆದಾಗ ಪಕ್ಕದ ಅಲ್ಲಾಳಸಂದ್ರದಿಂದಲೂ ಮಕ್ಕಳು ಬಂದು ಅರವತ್ತಮೂರಾದರು. ಮೊದಲ ದಿನ ಯಾರೂ ಕೂರಲಿಲ್ಲ. ನೆಲದ ಮೇಲೆ ಅಂಗಾತ ಮಲಗಿ ಸೂರು ನೋಡಿದರು. ನಡುವೆ ಏನೂ ಇಲ್ಲ, ಮೇಲೆ ಅಷ್ಟು ಕಲ್ಲು ನಿಂತಿದೆ. ಹೊಸ ಮೇಷ್ಟ್ರೂ ಬಾಗಿಲಲ್ಲೇ ನಿಂತು ಒಳಗೆ ಬರಲು ಸ್ವಲ್ಪ ಯೋಚಿಸಿದರಂತೆ.

ಮರುವಾರ ಮುನಿಶಾಮಪ್ಪ ಹೆಂಡತಿಯ ಜೊತೆ ಮಗಳ ಹೆಸರು ತೆಗೆಸಲು ಬಂದ. ಚಿಕ್ಕಜಾಲದ ಕಡೆ ಒಂದು ಬಂಡೆ ಸಿಕ್ಕಿತ್ತು, ಗುಡಿಸಲು ಬಿಚ್ಚಿ ಆಗಿತ್ತು. ವೆಂಕಟರಾಮಯ್ಯನವರು ಹಾಜರಿ ಪುಸ್ತಕದ ಮೇಲೆ ಅಂಗೈ ಇಟ್ಟುಕೊಂಡು ಕೂತುಬಿಟ್ಟರು.

“ನಾನು ತೆಗೆಯೋದಿಲ್ಲ ಕಣಪ್ಪ. ಇನ್ನು ನಾಲ್ಕು ವರ್ಷಕ್ಕೆ ಈ ಕೋಣೆನೂ ಸಾಲದು. ಆಗ ಯಾರನ್ನ ಕೇಳಲಿ?”

“ಬಂಡೆ ಮುಗೀತು ಸ್ವಾಮಿ. ಮುಂದಿನ ಕೋಣೆಗೆ ಕಲ್ಲಿಲ್ದೆ ಸೂರು ಎಂಗಾಕೋದು ಅಂತ ಈ ಮಕ್ಳೇ ಓದ್ಕೊಂಡು ಯೋಳ್ಬೇಕು.”

“ಹಾಗಾದ್ರೆ ಅವರಲ್ಲಿ ಒಬ್ಬಳನ್ನ ಯಾಕೆ ಕರ್ಕೊಂಡು ಹೋಗ್ತೀಯ?”

ಅವನು ಹೆಂಡತಿಯ ಕಡೆ ತಿರುಗಿದ. ಮರಿಯಮ್ಮ ನಮ್ಮಲ್ಲೇ ಇರಲಿ, ಮನೆಯಲ್ಲಿ ಐದು ತಟ್ಟೆ ಇದೆ, ಆರನೆಯದು ಭಾರವಲ್ಲ, ನೀವು ಭಾನುವಾರ ಬಂದು ನೋಡಿಕೊಂಡು ಹೋಗಿ ಎಂದು ಅಕ್ಬರಿ ಆಗಲೇ ಮುನಿಕೃಷ್ಣಮ್ಮನಿಗೆ ಹೇಳಿದ್ದಳು. ಗಂಡನಿಗೆ ಹೇಳುವ ಧೈರ್ಯ ಅವಳಿಗೆ ಬಂದದ್ದು ಈಗ, ಶಾಲೆಯ ಬಾಗಿಲಲ್ಲಿ. ಬೇರೆ ಮನೆ, ಬೇರೆ ಜಾತಿ, ಜನ ಏನಂದಾರು ಎಂದು ಅವನು ಗೊಣಗಿದ. ಬೇಲಿ ಕಿತ್ತ ದಿನ ಯಾರ ಕೈಯಿಂದ ಯಾರ ಕೈಗೆ ಮುಳ್ಳು ಹೋಯಿತೆಂದು ಅವಳು ಕೇಳಿದಳು.

ಮುನಿಶಾಮಪ್ಪ ಕಿಟಕಿಯಿಂದ ಒಳಗೆ ನೋಡಿದ. ಹೊಸ ಮೇಷ್ಟ್ರು ಗೋಡೆಯುದ್ದದ ಬೋರ್ಡಿನ ಈ ಕೊನೆಯಿಂದ ಆ ಕೊನೆಯವರೆಗೆ ಬರೆಯುತ್ತಿದ್ದರು. ಮರಿಯಮ್ಮ ಹಿಂದಿನ ಸಾಲಿನಲ್ಲಿದ್ದಳು, ಆ ಬರಹದ ಜೊತೆಗೇ ಅವಳ ಕತ್ತು ನಿಧಾನವಾಗಿ ತಿರುಗುತ್ತಿತ್ತು. ಹೋಗಿಬರುತ್ತೇವೆ ಎಂದು ಮಗಳಿಗೆ ಹೇಳಲು ಮುನಿಕೃಷ್ಣಮ್ಮ ಬಾಯಿ ತೆರೆದಳು.

ಅವನು ಕೈ ಅಡ್ಡ ಹಿಡಿದ. ಇಬ್ಬರೂ ಸದ್ದಾಗದಂತೆ ಹಾರೆ, ಉಳಿ ಎತ್ತಿಕೊಂಡು ಚಿಕ್ಕಜಾಲದ ದಾರಿ ಹಿಡಿದರು.