ಹೊಂಟ ಬಂಡೆ

ಅವರ ಅಂಗಿಯ ಬಣ್ಣ ನನಗೆ ತಪ್ಪಾಗಿ ನೆನಪಿರಬಹುದು, ಕಿಸೆಯಲ್ಲಿದ್ದ ಕಲ್ಲುಗಳಂತೂ ನಿಜ. ಶಹಾಪುರದ ನಮ್ಮ ಶಾಲೆಯ ಭೂಗೋಳದ ಮಾಸ್ತರರು ಯಾವ ಗುಡ್ಡ ಕಂಡರೂ, "ನಿಂತದ ಅನಬ್ಯಾಡ್ರಿ, ಹೊಂಟದ. ಬಿಸಲು, ಮಳಿ ದಿನಾ ತಿನ್ನಾಕತ್ತಾವ" ಅನ್ನುತ್ತಿದ್ದರು. ತಾವು ಮಾತ್ರ ಗಂಟೆ ಹೊಡೆದರೂ ತರಗತಿಯಿಂದ ಹೊರಡುತ್ತಿರಲಿಲ್ಲ.

ನನ್ನ ಸೋದರತ್ತೆಯನ್ನು ಹೆಣ್ಣು ನೋಡಲು ಬಂದಾಗಲೂ, ವರ ಮಹಾಶಯರಾದ ಇದೇ ಮಾಸ್ತರರು ಮಂಡಕ್ಕಿಯ ಸುಸಲಾ ಇದ್ದ ತಟ್ಟೆ ಹಿಡಿದುಕೊಂಡೇ ಹಿತ್ತಲಿಗೆ ನಡೆದು, ಮನೆಯ ಕಡೆ ವಾಲಿದ ಬಂಡೆಯ ಮುಂದೆ ನಿಂತುಬಿಟ್ಟರು.

"ಹುಡುಗಿ ಒಳಗದಾಳ್ರಿ," ಎಂದಳು ನನ್ನ ಅಜ್ಜಿ, ಆಯಿ.

"ಅಕಿ ಇರ್ತಾಳ್ರಿ. ಇದು ಹೊಂಟದ."

ಒಳಗೆ ಅತ್ತೆ ಕಿಸಕ್ಕನೆ ನಕ್ಕಳು. ಈ ನಗೆಯನ್ನು ನಾನೇ ಸೇರಿಸಿರಲೂಬಹುದು. ಮರುದಿನ ನಮ್ಮ ಮನೆಯಿಂದ ಬೇಡವೆಂದು ಹೇಳಿಕಳಿಸಿದರು.

ಬಂಡೆ ಇನ್ನೂ ಅಲ್ಲೇ ಇದೆ, ಮದುವೆಯಾಗದ ಅತ್ತೆಯೂ. ಮೊನ್ನೆ ಅವಳು ಹಿತ್ತಲಲ್ಲಿ ನಿಂತು ಅದನ್ನೇ ನೋಡುತ್ತಿದ್ದಾಗ, ನಾನು ಕೇಳಿದೆ: "ಅತ್ತಿ, ಅವ್ರನ್ನ ಬ್ಯಾಡ ಅಂದಾಕಿ ನೀನೋ, ಆಯಿನೋ?"