ಪೈಪಿಗೂ ವೈರಿಗೂ ನಡುವೆ

ನನ್ನ ಭಾವನ ಹುಬ್ಬುಗಳು ಯಾವಾಗಲೂ ಅರ್ಧ ಸುಟ್ಟಿರುತ್ತಿದ್ದವು. ಬಾನೆಟ್ ಎತ್ತಿ ಕಾದ ಎಂಜಿನ್ನಿನೊಳಗೆ ಮುಖವಿಟ್ಟು ನೋಡುವುದು ಅವರ ಚಟ. ಕೂದಲು ಚಿಗುರುವಷ್ಟರಲ್ಲಿ ಮತ್ತೆ ಸುಟ್ಟುಕೊಂಡು ಬರುತ್ತಿದ್ದರು. ಆ ಮೋಟು ಹುಬ್ಬು ನೋಡಿ ಅಕ್ಕ ಬಾಯಿಗೆ ಸೆರಗಿಟ್ಟುಕೊಂಡು ನಗುತ್ತಿದ್ದಳು. ಅಮ್ಮ ಹೋದ ಮೇಲೆ ಶನಿವಾರಸಂತೆಯ ಮನೆಯಲ್ಲಿ ನನ್ನನ್ನು ಸಾಕಿದವಳು ಆ ಅಕ್ಕ. ನನ್ನ ಯಾವ ಮಾತಿಗೂ ಅವಳು ಹಾಗೆ ನಕ್ಕದ್ದಿಲ್ಲ.

ಕೊಡಗು ಇನ್ನೂ ಬೇರೆಯೇ ರಾಜ್ಯವಾಗಿದ್ದ ಕಾಲ. ಭಾವ ಅಮ್ಮತ್ತಿಯಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದರು. ತೋಟ ಮಾರಿ ಸೀಮೆಗೆ ಹೊರಟ ಇಂಗ್ಲಿಷ್ ದೊರೆಯೊಬ್ಬನಿಂದ ಕೊಂಡ ಹಳೆಯ ಗಾಡಿ ಅದು. ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ, ಕೆಲಸ ಸಿಗುವವರೆಗೆಂದು ಅವರ ಮನೆಯಲ್ಲಿದ್ದೆ.

ಆ ಕಾರಿಗೊಂದು ಕೊರತೆಯಿತ್ತು. ಎಂಜಿನ್ನಿನ ಹೊಗೆಯನ್ನು ಹೊರಗೊಯ್ಯುವ ಕಬ್ಬಿಣದ ಪೈಪು ಏರುದಾರಿಯಲ್ಲಿ ಕೆಂಡದಂತೆ ಕಾಯುತ್ತಿತ್ತು. ಪ್ಲಗ್ಗುಗಳಿಗೆ ಕಿಡಿ ಒಯ್ಯುವ ವೈರುಗಳು ಅದರ ಪಕ್ಕದಲ್ಲೇ ಹಾಯುತ್ತಿದ್ದವು. ಅವನ್ನು ಎತ್ತಿ ಹಿಡಿಯುವ ಹಿಡಿಕೆಗಳು ದೊರೆಯ ಕಾಲದಲ್ಲೇ ಕಳೆದುಹೋಗಿದ್ದವು. ವೈರಿನ ರಬ್ಬರು ಪೈಪಿಗೆ ತಾಗಿ ಕರಗಿದರೆ ಕಿಡಿ ಪ್ಲಗ್ಗಿಗೆ ಹೋಗದೆ ಪೈಪಿಗೇ ಹಾರುತ್ತದೆ, ಎಂಜಿನ್ನು ಕೆಮ್ಮುತ್ತದೆ. ಭಾವ ಸೀಮೆಎಣ್ಣೆ ಡಬ್ಬಿಯ ತಗಡನ್ನು ಅಡ್ಡ ಕಟ್ಟಿ, ಒಂದೊಂದು ವೈರಿಗೂ ವಾಟೆ ಬಿದಿರಿನ ತೆಳ್ಳನೆಯ ಕೊಳವೆ ತೊಡಿಸಿದ್ದರು. ಕೊಳವೆಗೆ ಕೆಮ್ಮಣ್ಣು ಮೆತ್ತಿ ಒಲೆಯ ಪಕ್ಕ ಒಣಗಿಸುವ ಕೆಲಸ ಅಕ್ಕನದು. ಅವು ಬಹಳ ದಿನ ಬಾಳುತ್ತಿರಲಿಲ್ಲ. ಹಾಗಾಗಿ ಸಂಜೆಯೆಲ್ಲ ಅವಳು ಜಗಲಿಯಲ್ಲಿ ಮಣ್ಣು ಕೈ ಮಾಡಿಕೊಂಡು ಕೂತಿರುತ್ತಿದ್ದಳು. ಮೊದಲೆಲ್ಲ ಆ ಹೊತ್ತಿನಲ್ಲಿ ನನ್ನ ಅಂಗಿಗೆ ಗುಂಡಿ ಹೊಲಿಯುತ್ತ ನನ್ನ ಪಾಠ ಕೇಳುತ್ತಿದ್ದಳು.

“ಏನ್ ಬಿ.ಎ. ಸಾಹೇಬ್ರೆ, ಮುಖ ಯಾಕೆ ಹಂಗೆ? ಕರೆಂಟ್ ಹೋಯ್ತಾ?” ಎನ್ನುವರು ಭಾವ.

“ನಿಮ್ಮ ಕಾರಿಗೆ ಅಕ್ಕ ಬಾಣಂತನ ಮಾಡೋದು ನೋಡ್ತಿದ್ದೆ.”

“ಪೈಪೂ ವೈರೂ ಅಂದ್ರೆ ಭಾವ ಬಾಮೈದ ಇದ್ದಂಗೆ ಕಣಪ್ಪ. ಒಂದೇ ಮನೇಲಿರ್ಬೇಕು, ಮೈ ತಾಗಬಾರ್ದು. ಅದ್ಕೇ ಮಧ್ಯೆ ನಿಮ್ಮಕ್ಕ.”

“ನಾಚ್ಕೆ ಇಲ್ಲ ನಿಮ್ಗೆ,” ಎನ್ನುವಳು ಅಕ್ಕ. ಕೈ ಮಾತ್ರ ಮಣ್ಣು ಮೆತ್ತುತ್ತಲೇ ಇರುತ್ತಿತ್ತು.

ಭಾವ ಬಡಾಯಿಯ ಮನುಷ್ಯ. ಬಾನೆಟ್ಟಿಗೆ ಬೇರೆಯವರ ಕೈ ಸೋಕಬಾರದು. ಒಮ್ಮೆ ತೋಟದ ಸಾಹುಕಾರರೊಬ್ಬರು ಸುಮ್ಮನೆ ಬೆರಳಿಟ್ಟಿದ್ದಕ್ಕೆ, “ನೀವು ಬಸ್ಸಲ್ಲಿ ಹೋಗಿ ಸ್ವಾಮಿ” ಎಂದುಬಿಟ್ಟಿದ್ದರು. ಅಕ್ಕ ಮಾತ್ರ ಮುಟ್ಟಬಹುದಿತ್ತು.

ಆ ದಿನದ್ದು ಈಗಲೂ ಕಣ್ಣು ಮುಚ್ಚಿದರೆ ಮೊದಲಿನಿಂದ ಶುರುವಾಗುತ್ತದೆ. ಮೊದಲು ಸುಟ್ಟ ರಬ್ಬರಿನ ವಾಸನೆ. ಬಿಸಿಲು ಇಳಿಯುವ ಹೊತ್ತು, ಮೂವರೂ ವಿರಾಜಪೇಟೆಯಿಂದ ಮರಳುತ್ತಿದ್ದೆವು. ಇಳಿಜಾರು ಮುಗಿದು ಮೋರಿಯ ಹತ್ತಿರ ತಗ್ಗಿಗೆ ಬಂದಾಗ ಎಂಜಿನ್ನು ಮುಗ್ಗರಿಸಿತು. ಕೊಳವೆಯೊಂದು ಸೀಳಿ ಉದುರಿ, ವೈರು ಪೈಪಿನ ಮೇಲೆ ಬಿದ್ದಿತ್ತು. ಭಾವ ಎಂಜಿನ್ನು ನಿಲ್ಲಿಸದೆ ಇಳಿದು ಬಾನೆಟ್ಟಿನ ಒಂದು ಮಗ್ಗುಲು ಎತ್ತಿದರು. ಬ್ಯಾಟರಿ ಸತ್ತ ಕಾರು ಅದು. ಎಂಜಿನ್ನು ಆರಿದರೆ ಮೂತಿಯ ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕಿತ್ತು.

ಆಗ ಕಾಫಿ ಗಿಡಗಳ ನಡುವಿನಿಂದ ಸಲಗವೊಂದು ರಸ್ತೆಗೆ ಬಂತು, ಕಾರಿನ ಮೂತಿಯ ಎದುರಿಗೇ. ಸೈಲೆನ್ಸರು ಢಬ್ ಎಂದಾಗಲೆಲ್ಲ ಅದು ಕಿವಿ ಅಗಲಿಸಿ ಒಂದು ಹೆಜ್ಜೆ ಮುಂದಿಡುತ್ತಿತ್ತು.

ಭಾವ ತಲೆ ಎತ್ತದೆ, ಪಿಸುಮಾತಿನಲ್ಲಿ, “ಸ್ಟೇರಿಂಗಿಗೆ ಬಾ. ರಿವರ್ಸ್” ಎಂದರು.

ನಾನು ಹಿಂದಿನ ಸೀಟಿನಿಂದ ಅರ್ಧ ಎದ್ದೆ.

“ನೀನಲ್ಲ ಕಣಪ್ಪ. ನೀ ಕೂತಿರು. ಅವಳು.”

ಅಕ್ಕ ಆಗಲೇ ಪಕ್ಕಕ್ಕೆ ಸರಿದು ಗೇರಿಗೆ ಕೈ ಹಾಕಿದ್ದಳು. ಅವಳಿಗೆ ಕಾರು ಓಡಿಸಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಯಾವಾಗ ಕಲಿಸಿದರು? ನನಗೇಕೆ ಹೇಳಲಿಲ್ಲ? ಎದುರಿಗೆ ಆನೆ ನಿಂತಿರುವಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಇದು.

ಹಿಂದೆ ಏರು. ಕೆಮ್ಮುವ ಎಂಜಿನ್ನಿಗೆ ಅದು ಹತ್ತುವಂತಿರಲಿಲ್ಲ. ಭಾವ ಫುಟ್‌ಬೋರ್ಡಿನ ಮೇಲೆ ನಿಂತು, ಟವೆಲನ್ನು ಕೈಗೆ ಸುತ್ತಿ, ವೈರನ್ನು ಪೈಪಿನಿಂದ ಕಿತ್ತು ಎತ್ತಿ ಹಿಡಿದರು. ಎಂಜಿನ್ನಿನ ಸದ್ದು ಹದಕ್ಕೆ ಬಂತು. ಟವೆಲಿನ ಮೂಲಕವೂ ಶಾಕ್ ಹೊಡೆದು ಅವರ ಭುಜ ಬೆಚ್ಚುತ್ತಿತ್ತು, ಕೈಯ ಹಿಂಭಾಗ ಪೈಪಿಗೆ ತಾಗುತ್ತಿತ್ತು. ಬಿಡಲಿಲ್ಲ. ಅಕ್ಕ ಹಿಂತಿರುಗಿ ನೋಡುತ್ತ ಕಾರನ್ನು ಹಿಂದಕ್ಕೆ ಹತ್ತಿಸಿದಳು. ಅವಳ ದೃಷ್ಟಿ ನನ್ನ ಕಿವಿಯ ಪಕ್ಕದಿಂದ ಹಾದು ರಸ್ತೆಯ ಮೇಲಿತ್ತು.

“ಎಡಕ್ಕೆ.”

“ಗೊತ್ತು.”

ಅವರಿಬ್ಬರೂ ಆಡಿದ್ದು ಇಷ್ಟೇ. ಆನೆ ಒಂದಷ್ಟು ದೂರ ಹಿಂಬಾಲಿಸಿ, ಬೇಸರ ಬಂದಂತೆ ನಿಂತು, ತೋಟಕ್ಕೆ ಇಳಿಯಿತು. ಭಾವನ ಕೈಯಿಂದ ಟವೆಲು ಬಿಡಿಸುವಾಗ ಚರ್ಮವೂ ಜೊತೆಗೆ ಬಂತು. ಅಕ್ಕ ಸೆರಗು ಹರಿದು ಕಟ್ಟಿದಳು.

ಅಮ್ಮತ್ತಿಯ ಹೋಟೆಲಿನಲ್ಲಿ ಭಾವ ಈ ಕಥೆಯನ್ನು ಎಷ್ಟು ಸಲ ಹೇಳಿದರೋ. ಆನೆ ಪ್ರತಿ ಸಲವೂ ಒಂದಿಷ್ಟು ಬೆಳೆಯುತ್ತಿತ್ತು. ಕೊನೆಗೆ ಮಾತ್ರ ತಪ್ಪದೆ, “ನಾನೂ ಇವಳೂ ಬಿಡ್ರಿ, ನಮ್ಗೆ ಕೈತುಂಬ ಕೆಲ್ಸ ಇತ್ತು. ಏನೂ ಕೆಲ್ಸ ಇಲ್ದೆ, ಉಸಿರು ಬಿಡದೆ ಕೂತಿದ್ನಲ್ಲ ನಮ್ ಬಾಮೈದ, ಅದು ಧೈರ್ಯ” ಎನ್ನುತ್ತಿದ್ದರು. ಕೇಳಿದವರು ನಗುತ್ತಿದ್ದರು, ಅವರು ನಗುತ್ತಿರಲಿಲ್ಲ. ಆ ಹೊಗಳಿಕೆಯೂ ನನಗೆ ಚುಚ್ಚುತ್ತಿತ್ತು. ಜೀವ ಉಳಿಸಿದ್ದು ಸಾಲದೆಂದು ಮರ್ಯಾದೆಯನ್ನೂ ಇವರೇ ಉಳಿಸಬೇಕೇ ಎನಿಸುತ್ತಿತ್ತು.

ಎಷ್ಟೋ ವರ್ಷಗಳ ನಂತರ ಒಂದು ಬೇಸಿಗೆಯಲ್ಲಿ ಭಾವ ಮಲಗಿದಲ್ಲೇ ತೀರಿಕೊಂಡರು. ಕಾರ್ಯವೆಲ್ಲ ಮುಗಿದು ನೆಂಟರು ಹೊರಟ ಮೇಲೆ ಅಡುಗೆಮನೆಯಲ್ಲಿ ನಾನೂ ಅಕ್ಕನೂ ಇಬ್ಬರೇ ಉಳಿದೆವು. ಅವಳು ಇನ್ನು ನನ್ನವಳೇ ಎಂದು ಒಂದು ಗಳಿಗೆ ಅನಿಸಿತು.

“ಅವ್ರಿಗೆ ನಿನ್ನ ಕಂಡ್ರೆ ಹೊಟ್ಟೆಕಿಚ್ಚಿತ್ತು ಗೊತ್ತೇನೋ,” ಎಂದಳು ಅಕ್ಕ.

“ನನ್ನ ಕಂಡ್ರಾ?”

“ಹೂಂ. ನಾನು ಲಂಗ ಎತ್ಕಟ್ಟಿ ಸೀಬೆಮರ ಹತ್ತಿದ್ದೆಲ್ಲ ನೀನು ಕಂಡಿದ್ದೀಯಲ್ಲ. ‘ಅವ್ನಿಗೆ ಸಿಕ್ಕಿದ ಆ ಹುಡುಗಿ ನಂಗೆ ಸಿಗ್ಲೇ ಇಲ್ವಲ್ಲೇ’ ಅನ್ನೋರು. ಅದ್ಯಾಕೋ ಆಗಿನ ಕಥೆ ನಿನ್ನ ಹತ್ರ ಕೇಳೋಕೆ ಮಾತ್ರ ಸಂಕೋಚ.”

ನನ್ನನ್ನು ಕೇಳಬಹುದಿತ್ತು. ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆನೋ ಏನೋ. ಅಷ್ಟು ವರ್ಷ ಅದನ್ನು ಅವರು ಅಕ್ಕನೊಬ್ಬಳ ಹತ್ತಿರ ಹೇಳಿಕೊಂಡು ಹೋಗಿದ್ದರು. ಒಲೆಯೆದುರು ಕೂತ ಅವಳನ್ನು ನೋಡುತ್ತ, ಜೀವನದಲ್ಲಿ ಮೊದಲ ಬಾರಿಗೆ, ನನಗೆ ಅಕ್ಕನ ಮೇಲೆ ಹೊಟ್ಟೆಕಿಚ್ಚಾಯಿತು.